ಅಳಿಸಿದ ಕೋಡ್, ಉಳಿದ ದೋಷ: ಎಲೆಕ್ಟ್ರಿಕ್ ಕಾರಿನ ಪವರ್‌ಟ್ರೇನ್ ಎಚ್ಚರಿಕೆ ಮತ್ತು ಎರಡು ಸರ್ವಿಸ್ ಕೇಂದ್ರಗಳು

ಎಲೆಕ್ಟ್ರಿಕ್ ಕಾರು ಕೊಂಡು ಎರಡು ವರ್ಷ ಮೂರು ತಿಂಗಳಾಗಿ, ಓಡೋಮೀಟರ್ 31,000 ಕಿ.ಮೀ. ದಾಟಿದ ಮೇಲೆ, ಒಂದು ಸಂಜೆ ಅದು ಏರುರಸ್ತೆಯಲ್ಲಿ ಇದ್ದಕ್ಕಿದ್ದಂತೆ ಸೊರಗಿತು. ದೋಷ ಪತ್ತೆಯಾಗಿ ಕಾರು ಸರಿಯಾಗಿ ಕೈಗೆ ಬರುವ ಹೊತ್ತಿಗೆ ಇಪ್ಪತ್ತೈದು ದಿನ ಕಳೆದಿತ್ತು, ಒಂದೇ ಕಂಪನಿಯ ಎರಡು ಅಧಿಕೃತ ಸರ್ವಿಸ್ ಕೇಂದ್ರಗಳ ಬಾಗಿಲು ತಟ್ಟಿದ್ದಾಗಿತ್ತು. ಈ ವಿಮರ್ಶೆ ಮುಖ್ಯವಾಗಿ ಆ ಎರಡು ಕೇಂದ್ರಗಳ ಕೆಲಸದ ಬಗ್ಗೆ. ಜೊತೆಗೆ ಇಂಥ ಹೊತ್ತಿನಲ್ಲಿ ಕಾರು ತನ್ನನ್ನು ಓಡಿಸುವವರಿಗೆ ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದರ ಬಗ್ಗೆ. ಕಂಪನಿಯ ಹೆಸರನ್ನಾಗಲಿ ಕೇಂದ್ರಗಳ ಹೆಸರನ್ನಾಗಲಿ ನಾನು ಬರೆಯುತ್ತಿಲ್ಲ, ಏಕೆಂದರೆ ಇಲ್ಲಿ ತಪ್ಪಿದ್ದು ಕಾರಿನ ತಯಾರಿಕೆಗಿಂತ ಹೆಚ್ಚಾಗಿ ಅದನ್ನು ಪರೀಕ್ಷಿಸುವ ಕ್ರಮ, ಮತ್ತು ಆ ಕ್ರಮ ಯಾರ ಅಂಗಳದಲ್ಲಿ ಬೇಕಾದರೂ ತಪ್ಪಬಹುದು.

ಗಂಟೆಗೆ 80 ಕಿ.ಮೀ. ಆಸುಪಾಸಿನ ವೇಗ, ಬ್ಯಾಟರಿಯಲ್ಲಿ ಶೇ. 62ರಷ್ಟು ಚಾರ್ಜ್, ಸೇತುವೆ ದಾಟಿದೊಡನೆ ಶುರುವಾಗುವ ಉದ್ದನೆಯ ಏರು. ಸೇತುವೆಯ ಕೊನೆಯ ಜೋಡಣೆಯ ಮೇಲೆ ಚಕ್ರಗಳು ದಡಬಡ ಎಂದ ಮರುಕ್ಷಣ ಟಣ್ ಎಂದು ಸದ್ದಾಯಿತು. ಹಳದಿ ಸ್ಪ್ಯಾನರ್ ಚಿಹ್ನೆ ಹೊತ್ತಿಕೊಂಡು, ಅದರ ಪಕ್ಕದಲ್ಲಿ ಆಮೆಯ ಚಿತ್ರ ಮೂಡಿ, ಪವರ್‌ಟ್ರೇನ್‌ನಲ್ಲಿ (ಕಾರನ್ನು ಓಡಿಸುವ ಬ್ಯಾಟರಿ, ಮೋಟಾರುಗಳ ವ್ಯವಸ್ಥೆಯಲ್ಲಿ) ದೋಷವಿದೆ, ಶಕ್ತಿ ತಗ್ಗಿಸಲಾಗಿದೆ, ಸರ್ವಿಸ್ ಮಾಡಿಸಿ ಎಂಬ ಅರ್ಥದ ಸಾಲೊಂದು ಪರದೆಯ ಮೇಲೆ ಬಂದಿತು. ಆಕ್ಸಿಲರೇಟರನ್ನು ಪೂರ್ತಿ ತುಳಿದರೂ ಪಿಕಪ್ ಎಂಬುದೇ ಇರಲಿಲ್ಲ. ಪೆಟ್ರೋಲ್ ಗಾಡಿಯಾಗಿದ್ದರೆ ಎಂಜಿನ್ ಕೆಮ್ಮುತ್ತದೆ, ಜಗ್ಗುತ್ತದೆ, ಏನಾದರೊಂದು ವಾಸನೆ ಹೊಡೆಯುತ್ತದೆ. ಇಲ್ಲಿ ಅಂಥ ಯಾವ ಮುನ್ಸೂಚನೆಯೂ ಇಲ್ಲದೆ, ಅದೇ ನಿಶ್ಶಬ್ದದಲ್ಲಿ, ವೇಗ 80ರಿಂದ 40ಕ್ಕೆ ಇಳಿಯಿತು. ಹಿಂದೆ ಬರುತ್ತಿದ್ದ ಲಾರಿ ಕನ್ನಡಿಯಲ್ಲಿ ದೊಡ್ಡದಾಗುತ್ತಿತ್ತು.

ನಾಲ್ಕೂ ಇಂಡಿಕೇಟರ್ ಹಾಕಿ ಎಡಕ್ಕೆ ಸರಿಯುವಾಗ ಇನ್ನೊಂದು ವಿಷಯ ಅರಿವಿಗೆ ಬಂತು, ಇದನ್ನು ಎಲೆಕ್ಟ್ರಿಕ್ ಕಾರು ಓಡಿಸುವವರೆಲ್ಲ ತಿಳಿದಿರುವುದು ಒಳ್ಳೆಯದು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಾರು ತಾನಾಗಿಯೇ ನಿಧಾನವಾಗುವುದಕ್ಕೆ ನಾವು ಒಗ್ಗಿಕೊಂಡಿರುತ್ತೇವೆ. ಮೋಟಾರು ಆಗ ಜನರೇಟರಿನಂತೆ ತಿರುಗಿ ವಿದ್ಯುತ್ತನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಶಕ್ತಿ ತಗ್ಗಿಸಿದಾಗ ಎಷ್ಟೋ ಸಲ ಆ ವ್ಯವಸ್ಥೆಯೂ ನಿಂತುಹೋಗುತ್ತದೆ. ಕಾಲು ತೆಗೆದರೂ ಕಾರು ಜಾರುತ್ತಲೇ ಇತ್ತು, ಬ್ರೇಕ್ ಪೆಡಲನ್ನು ನಿಜವಾಗಿಯೂ ಒತ್ತಬೇಕಾಯಿತು. ಬ್ರೇಕ್ ಚೆನ್ನಾಗಿಯೇ ಕೆಲಸ ಮಾಡಿತು, ಸ್ಟೇರಿಂಗ್ ಹಗುರವಾಗಿಯೇ ಇತ್ತು. ಆದರೂ ಕಾಲಿಗೆ ಅಭ್ಯಾಸವಾಗಿದ್ದ ಆ ಒಂದು ಸೆಕೆಂಡಿನ ವ್ಯತ್ಯಾಸ ಎದೆ ನಡುಗಿಸಲು ಸಾಕು.

ಹತ್ತು ನಿಮಿಷ ಕಾರನ್ನು ಆಫ್ ಮಾಡಿ ಕೂತೆ. ಆಫ್ ಮಾಡುವ ಮೊದಲು ಪರದೆಯ ಫೋಟೋ ತೆಗೆದೆ: ಸಮಯ, ಓಡೋಮೀಟರ್, ಚಾರ್ಜಿನ ಮಟ್ಟ, ಹೊರಗಿನ ಉಷ್ಣತೆ ಎಲ್ಲವೂ ಅದರಲ್ಲಿ ಬಂದಿತ್ತು. ಮುಂದಿನ ಮೂರು ವಾರಗಳಲ್ಲಿ ನನ್ನ ಕೈಯಲ್ಲಿದ್ದ ಅತ್ಯಂತ ಉಪಯುಕ್ತ ಸಾಧನವೆಂದರೆ ಆ ಫೋಟೋ. ಮತ್ತೆ ಸ್ಟಾರ್ಟ್ ಮಾಡಿದಾಗ ಆಮೆ ಹೋಗಿತ್ತು, ಸ್ಪ್ಯಾನರ್ ಉಳಿದಿತ್ತು. ಮಾರನೆಯ ಬೆಳಿಗ್ಗೆ ಸ್ಪ್ಯಾನರೂ ಇರಲಿಲ್ಲ. ಬೀಸುವ ದೊಣ್ಣೆ ತಪ್ಪಿತೆಂದು ಸುಮ್ಮನಿರುವ ಆಸೆ ಬಂದದ್ದು ನಿಜ. ಆದರೆ ತಾನಾಗಿ ಬಂದು ತಾನಾಗಿ ಹೋಗುವ ವಿದ್ಯುತ್ ದೋಷ ಮತ್ತೆ ಬರುವುದು ಬಹುಮಟ್ಟಿಗೆ ಖಚಿತ, ಅದೂ ನಾವು ಆರಿಸಿಕೊಳ್ಳದ ಜಾಗದಲ್ಲಿ.

ಇಲ್ಲಿ ಕಾರಿನ ಬಗ್ಗೆಯೇ ಒಂದು ದೂರು. ಶಕ್ತಿ ತಗ್ಗಿಸುವುದು ಕಾರು ಕೆಟ್ಟಿದ್ದರಿಂದ ಆಗುವ ಅಪಘಾತವಲ್ಲ, ಅದು ಬೇಕೆಂದೇ ರೂಪಿಸಿದ ನಡವಳಿಕೆ. ಒಂದು ಅಂಗ ಸುಟ್ಟುಹೋಗುವುದನ್ನೋ, ಹೆಚ್ಚು ವೋಲ್ಟೇಜಿನ ವಿದ್ಯುತ್ತು ಹರಿಯಬಾರದ ಕಡೆ ಹರಿಯುವುದನ್ನೋ ತಪ್ಪಿಸಲು ಕಂಪ್ಯೂಟರ್ ತಾನೇ ಮೋಟಾರಿಗೆ ಹೋಗುವ ಕರೆಂಟನ್ನು ಕಡಿತ ಮಾಡುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬ್ಯಾಟರಿಯ ಒಂದು ಸೆಲ್ ಉಳಿದವುಗಳಿಗಿಂತ ಬೇಗ ಬರಿದಾಗುತ್ತಿದ್ದರೂ, ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಒಗ್ಗುವಂತೆ ಬದಲಿಸುವ ಇನ್ವರ್ಟರಿಗೆ ಕೂಲೆಂಟ್ ತಳ್ಳುವ ಪಂಪು ನಿಂತಿದ್ದರೂ, ಕೇಬಲಿನ ನಿರೋಧನ ಕುಗ್ಗಿ ವಿದ್ಯುತ್ತು ಕಾರಿನ ಲೋಹದ ಮೈಗೆ ಸೋರುತ್ತಿದ್ದರೂ, ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚು ಬಿಸಿಯಾಗಿದ್ದರೂ, ಕೊನೆಗೆ 12 ವೋಲ್ಟಿನ ಪುಟ್ಟ ಬ್ಯಾಟರಿ ಸೋತಿದ್ದರೂ ಪರದೆಯ ಮೇಲೆ ಬರುವುದು ಹೆಚ್ಚುಕಡಿಮೆ ಅದೇ ಒಂದು ಸಾಲು. ಕೈಪಿಡಿಯಲ್ಲಿ ಹಳದಿ ಬಂದರೆ ನಿಧಾನವಾಗಿ ಓಡಿಸಿಕೊಂಡು ಸರ್ವಿಸ್ ಕೇಂದ್ರಕ್ಕೆ ಹೋಗಿ, ಕೆಂಪು ಬಂದರೆ ಸುರಕ್ಷಿತ ಜಾಗದಲ್ಲಿ ತಕ್ಷಣ ನಿಲ್ಲಿಸಿ ಎಂದಿದೆ. ಅದಕ್ಕಿಂತ ಹೆಚ್ಚೇನೂ ಇಲ್ಲ. ರೋಗಿಗೆ ಜ್ವರವಿದೆ ಎಂದಷ್ಟೇ ಹೇಳಿ ಥರ್ಮಾಮೀಟರನ್ನು ಜೇಬಿಗೆ ಹಾಕಿಕೊಂಡ ವೈದ್ಯರಂತೆ.

ಮೊದಲ ಕೇಂದ್ರ ಮನೆಗೆ ಹತ್ತಿರದ್ದು. ಸ್ವಾಗತ ಚೆನ್ನಾಗಿತ್ತು, ಕಾಯುವ ಕೋಣೆ ತಣ್ಣಗಿತ್ತು, ಕೊಟ್ಟ ಸಮಯಕ್ಕೆ ಸರಿಯಾಗಿ ಕಾರನ್ನು ಒಳಗೆ ತೆಗೆದುಕೊಂಡರು. ಸರ್ವಿಸ್ ಅಡ್ವೈಸರ್ ಜಾಬ್ ಕಾರ್ಡಿನಲ್ಲಿ ಬರೆದುಕೊಂಡದ್ದು ಎರಡು ಪದ: ವಾರ್ನಿಂಗ್ ಲೈಟ್. ಎಲ್ಲಿ ಬಂತು, ಎಷ್ಟು ವೇಗದಲ್ಲಿದ್ದಿರಿ, ಏರಿನಲ್ಲೋ ಇಳಿಜಾರಿನಲ್ಲೋ, ಮಳೆಯಿತ್ತೋ ಎಂಬ ಒಂದು ಪ್ರಶ್ನೆಯೂ ಬರಲಿಲ್ಲ. ಫೋಟೋ ತೋರಿಸಲು ಹೋದರೆ, ಅದೆಲ್ಲ ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರಿನಲ್ಲಿ ಬರುತ್ತದೆ ಎಂದರು. ಎರಡು ದಿನ ಬಿಟ್ಟು ಕಾರು ಮರಳಿ ಕೊಟ್ಟಾಗ ಹೇಳಿದ್ದು ಇಷ್ಟು: ಕಂಪ್ಯೂಟರಿನಲ್ಲಿದ್ದ ಹಳೆಯ ದೋಷದ ಕೋಡುಗಳನ್ನು ಕ್ಲಿಯರ್ ಮಾಡಿದ್ದೇವೆ, ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿದ್ದೇವೆ, 12 ವೋಲ್ಟಿನ ಬ್ಯಾಟರಿ ಬದಲಾಯಿಸಿದ್ದೇವೆ, ಟೆಸ್ಟ್ ಡ್ರೈವ್‌ನಲ್ಲಿ ಏನೂ ಸಿಗಲಿಲ್ಲ.

12 ವೋಲ್ಟಿನ ಬ್ಯಾಟರಿಯ ಮೇಲೆ ಅನುಮಾನ ಪಟ್ಟದ್ದನ್ನು ನಾನು ತಪ್ಪೆನ್ನುವುದಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ 400 ವೋಲ್ಟಿನ ದೊಡ್ಡ ಬ್ಯಾಟರಿ ಇದ್ದರೂ ಕಂಪ್ಯೂಟರುಗಳು, ದೀಪಗಳು, ಸ್ಟೇರಿಂಗ್ ಮೋಟಾರು, ಆ ದೊಡ್ಡ ಬ್ಯಾಟರಿಯನ್ನೇ ಜೋಡಿಸುವ ಕಾಂಟ್ಯಾಕ್ಟರುಗಳು ಎಲ್ಲವೂ ನಡೆಯುವುದು ಈ ಚಿಕ್ಕ ಬ್ಯಾಟರಿಯಿಂದ. ಅದು ಸೊರಗಿದರೆ ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಎಚ್ಚರಿಕೆಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಹ್ಯುಂಡೈ ಮತ್ತು ಕಿಯಾ ಕಂಪನಿಗಳು 2024ರಲ್ಲಿ ತಮ್ಮ ಕೆಲವು ಎಲೆಕ್ಟ್ರಿಕ್ ಮಾದರಿಗಳನ್ನು ಹಿಂದಕ್ಕೆ ಕರೆಸಿಕೊಂಡದ್ದು ಇದೇ ಜಾಗದ ತೊಂದರೆಯಿಂದ; ಚಾರ್ಜಿಂಗ್ ನಿಯಂತ್ರಿಸುವ ಘಟಕ ಹಾಳಾಗಿ 12 ವೋಲ್ಟಿನ ಬ್ಯಾಟರಿಗೆ ಪೂರೈಕೆ ನಿಂತು, ಕೊನೆಗೆ ಓಡುತ್ತಿದ್ದ ಕಾರೇ ಶಕ್ತಿ ಕಳೆದುಕೊಳ್ಳಬಹುದಿತ್ತು. ಆದ್ದರಿಂದ ಅನುಮಾನ ಸರಿ. ಆದರೆ ಅನುಮಾನವನ್ನು ತೀರಿಸಿಕೊಳ್ಳಲು ಒಂದು ಮಲ್ಟಿಮೀಟರ್ ಸಾಕು: ಕಾರು ವಿಶ್ರಾಂತಿಯಲ್ಲಿದ್ದಾಗ ಒಳ್ಳೆಯ ಲೆಡ್ ಆಸಿಡ್ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, ಕಾರು ಆನ್ ಇದ್ದಾಗ ಸಾಮಾನ್ಯವಾಗಿ 13.5ರಿಂದ 14.5ರ ನಡುವೆ. ಹಳೆಯ ಬ್ಯಾಟರಿಯ ಅಳತೆ ಎಷ್ಟು ಬಂದಿತ್ತು ಎಂದು ಕೇಳಿದೆ. ಅಳತೆ ಮಾಡಿದ ದಾಖಲೆ ಇರಲಿಲ್ಲ. ಬಿಲ್ಲು ಮಾತ್ರ ಇತ್ತು.

ಬ್ಯಾಟರಿಯ ಬಿಲ್ಲಿಗಿಂತ ನನ್ನನ್ನು ಹೆಚ್ಚು ಕೆಣಕಿದ್ದು ಕೋಡುಗಳನ್ನು ಅಳಿಸಿದ ರೀತಿ. ಕಾರಿನ ಕಂಪ್ಯೂಟರ್ ದೋಷವೊಂದನ್ನು ಗುರುತಿಸಿದಾಗ ಬರೀ ಕೋಡ್ ಬರೆದಿಡುವುದಿಲ್ಲ; ಆ ಕ್ಷಣದ ವೇಗ, ವೋಲ್ಟೇಜ್, ಉಷ್ಣತೆ, ಆಕ್ಸಿಲರೇಟರಿನ ಸ್ಥಿತಿ ಮೊದಲಾದವುಗಳ ಒಂದು ಚಿತ್ರವನ್ನೂ ಜೊತೆಗಿಡುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಫ್ರೀಜ್ ಫ್ರೇಮ್ ಎನ್ನುತ್ತಾರೆ. ಕ್ಲಿಯರ್ ಬಟನ್ ಒತ್ತಿದರೆ ಕೋಡಿನ ಜೊತೆ ಆ ಚಿತ್ರವೂ ಹೋಗುತ್ತದೆ. ತಾನಾಗಿ ಬಂದು ಹೋಗುವ ದೋಷಕ್ಕೆ ಅದೊಂದೇ ಸಾಕ್ಷಿ. ಅದನ್ನು ಮುದ್ರಿಸಿಕೊಳ್ಳದೆ, ಎಲ್ಲಿಯೂ ಉಳಿಸಿಕೊಳ್ಳದೆ ಅಳಿಸಿಬಿಡುವುದೆಂದರೆ ಕಳ್ಳನ ಹೆಜ್ಜೆಗುರುತಿನ ಮೇಲೆ ಸಾರಿಸಿ ರಂಗೋಲಿ ಹಾಕಿದಂತೆ. ಅಂಗಳ ಚೊಕ್ಕಟವಾಗಿ ಕಾಣುತ್ತದೆ, ಅಷ್ಟೆ. ಯಾವ ಕೋಡ್ ಇತ್ತು ಎಂದು ಕೇಳಿದಾಗ ಅಡ್ವೈಸರ್ ಒಳಗೆ ಹೋಗಿ ಬಂದು, ಹೈ ವೋಲ್ಟೇಜಿಗೆ ಸಂಬಂಧಪಟ್ಟದ್ದು ಎಂದಷ್ಟೇ ಹೇಳಿದರು.

ಸಾಫ್ಟ್‌ವೇರ್ ಅಪ್‌ಡೇಟ್ ಎಂಬ ಮಾತಿಗೂ ನಾನು ಈಗ ಸುಲಭವಾಗಿ ಮರುಳಾಗುವುದಿಲ್ಲ. 2022ರ ಜೂನ್‌ನಲ್ಲಿ ಫೋರ್ಡ್ ಕಂಪನಿ ಅಮೆರಿಕದಲ್ಲಿ ಮಸ್ಟಾಂಗ್ ಮ್ಯಾಕ್-ಇ ಮಾದರಿಯ 48,924 ಕಾರುಗಳನ್ನು ಹಿಂದಕ್ಕೆ ಕರೆಸಿತ್ತು. ವೇಗದ ಡಿಸಿ ಚಾರ್ಜಿಂಗ್ ಮತ್ತು ಪದೇಪದೇ ಪೆಡಲನ್ನು ಪೂರ್ತಿ ತುಳಿಯುವುದರಿಂದ ಕಾಂಟ್ಯಾಕ್ಟರುಗಳು ಅತಿಯಾಗಿ ಬಿಸಿಯಾಗಿ, ಕಾರು ಸ್ಟಾರ್ಟ್ ಆಗದೆ ಹೋಗುವ ಅಥವಾ ಓಡುವಾಗಲೇ ಶಕ್ತಿ ಕಳೆದುಕೊಳ್ಳುವ ಅಪಾಯವಿತ್ತು. ಆಗ ಕೊಟ್ಟ ಪರಿಹಾರ ಸಾಫ್ಟ್‌ವೇರ್: ಕಾಂಟ್ಯಾಕ್ಟರಿನ ಬಿಸಿಯನ್ನು ಗಮನಿಸಿ ಮೊದಲೇ ಶಕ್ತಿ ತಗ್ಗಿಸುವುದು. ಅದು ಸಾಲದೆ 2023ರಲ್ಲಿ ಅವುಗಳಲ್ಲಿ ಹಲವನ್ನು ಮತ್ತೆ ಕರೆಸಿ ಕಾಂಟ್ಯಾಕ್ಟರುಗಳಿರುವ ಬ್ಯಾಟರಿಯ ಜಂಕ್ಷನ್ ಬಾಕ್ಸನ್ನೇ ಬದಲಾಯಿಸಬೇಕಾಯಿತು. ನನ್ನ ಕಾರು ಇಲ್ಲಿ ಹೆಸರಿಸಿದ ಕಂಪನಿಗಳಲ್ಲಿ ಯಾವುದರದ್ದೂ ಅಲ್ಲ, ದೋಷವೂ ಬೇರೆ. ಆದರೂ ಲೋಹದಲ್ಲಿರುವ ದೋಷಕ್ಕೆ ಸಾಫ್ಟ್‌ವೇರ್ ಎಷ್ಟರ ಮಟ್ಟಿಗೆ ಮದ್ದಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹನ್ನೊಂದು ದಿನ ಕಾರು ನಿರಾತಂಕವಾಗಿ ಓಡಿತು. ಹನ್ನೆರಡನೆಯ ದಿನ ಮಳೆಯಲ್ಲಿ, ಗಂಟೆಗೆ 30 ಕಿ.ಮೀ. ವೇಗದಲ್ಲಿ ರಸ್ತೆಯುಬ್ಬು ದಾಟಿದಾಗ ಅದೇ ಟಣ್ ಸದ್ದು, ಅದೇ ಸ್ಪ್ಯಾನರ್, ಅದೇ ಆಮೆ. ಈ ಸಲ ಆಫ್ ಮಾಡಿ ಆನ್ ಮಾಡಿದರೆ ದೀಪಗಳೆಲ್ಲ ಬಂದವು, ರೆಡಿ ಎಂಬ ಹಸಿರು ಅಕ್ಷರ ಮಾತ್ರ ಬರಲಿಲ್ಲ. ರಸ್ತೆಬದಿ ನೆರವಿನವರಿಗೆ ಫೋನ್ ಮಾಡಿ, ಫ್ಲಾಟ್‌ಬೆಡ್ ಗಾಡಿಯನ್ನೇ ಕಳುಹಿಸಬೇಕೆಂದು ಎರಡು ಸಲ ಹೇಳಬೇಕಾಯಿತು. ಮೋಟಾರು ಜೋಡಿಸಿರುವ ಚಕ್ರಗಳು ನೆಲದ ಮೇಲೆ ಉರುಳುವಂತೆ ಎಲೆಕ್ಟ್ರಿಕ್ ಕಾರನ್ನು ಎಳೆದರೆ ಮೋಟಾರು ತಿರುಗಿ ವಿದ್ಯುತ್ ಉತ್ಪಾದಿಸತೊಡಗುತ್ತದೆ, ಅದರಿಂದ ಇನ್ವರ್ಟರಿಗೆ ಹಾನಿಯಾಗಬಹುದು. ನಾಲ್ಕೂ ಚಕ್ರಗಳನ್ನು ಮೇಲೇರಿಸಿಕೊಂಡು ಹೋಗುವುದೇ ಕ್ಷೇಮ. ಗಾಡಿ ಬರಲು ಒಂದೂವರೆ ಗಂಟೆ ಹಿಡಿಯಿತು, ಬಂದವರು ಕೆಲಸ ಬಲ್ಲವರಾಗಿದ್ದರು. ಕಾರನ್ನು ನಾನು ಎರಡನೆಯ ಕೇಂದ್ರಕ್ಕೆ ಕಳುಹಿಸಿದೆ, ಇನ್ನೂ ಇಪ್ಪತ್ತು ಕಿ.ಮೀ. ದೂರವಾದರೂ ಸರಿ ಎಂದು.

ಎರಡನೆಯ ಕೇಂದ್ರದ ಕಾಯುವ ಕೋಣೆಯಲ್ಲಿ ಫ್ಯಾನು ತಿರುಗುತ್ತಿರಲಿಲ್ಲ, ಕುರ್ಚಿಗಳು ಹರಿದಿದ್ದವು. ಆದರೆ ಹೈ ವೋಲ್ಟೇಜ್ ಕೆಲಸ ನೋಡಿಕೊಳ್ಳುವ ತಂತ್ರಜ್ಞರೇ ಹೊರಗೆ ಬಂದು ಇಪ್ಪತ್ತು ನಿಮಿಷ ನನ್ನೊಡನೆ ಕೂತರು. ನನ್ನ ಎರಡೂ ಫೋಟೋಗಳನ್ನು ತಮ್ಮ ಫೋನಿಗೆ ಹಾಕಿಸಿಕೊಂಡರು. ಅವರು ಕೇಳಿದ ಮೂರನೆಯ ಪ್ರಶ್ನೆಯೇ ಗುರಿಗೆ ನಾಟುವಂತಿತ್ತು: ಎರಡು ಸಲವೂ ಗಾಡಿ ಕುಲುಕಿದ ಕೂಡಲೇ ಬಂತೇ? ಅದಾದ ಮೇಲೆ, ಇತ್ತೀಚೆಗೆ ಬಾನೆಟ್ಟಿನ ಕೆಳಗೆ ಬೇರೆ ಏನಾದರೂ ಕೆಲಸ ಆಗಿದೆಯೇ ಎಂದರು. ನಾಲ್ಕು ತಿಂಗಳ ಹಿಂದೆ ಮುಂಭಾಗಕ್ಕೆ ಸಣ್ಣ ಪೆಟ್ಟು ಬಿದ್ದು ಬಂಪರನ್ನೂ ಎಸಿಯ ಕಂಡೆನ್ಸರನ್ನೂ ಬದಲಾಯಿಸಿದ್ದು ಆಗ ನನಗೆ ನೆನಪಾಯಿತು. ಪವರ್‌ಟ್ರೇನ್ ದೋಷಕ್ಕೂ ಬಂಪರಿಗೂ ಸಂಬಂಧ ಕಲ್ಪಿಸುವ ಯೋಚನೆ ನನಗೆ ಬಂದೇ ಇರಲಿಲ್ಲ.

ಸ್ಕ್ಯಾನರಿನಲ್ಲಿ ಪಿ0ಎ0ಡಿ ಎಂಬ ಕೋಡ್ ಬಂತು. ಅದನ್ನು ಅಳಿಸದೆ, ಫ್ರೀಜ್ ಫ್ರೇಮಿನ ಸಮೇತ ಉಳಿಸಿಕೊಂಡರು. ಹೈ ವೋಲ್ಟೇಜ್ ಇಂಟರ್‌ಲಾಕ್ ಸರ್ಕ್ಯೂಟಿನ ದೋಷಕ್ಕೆ ಮೀಸಲಾದ ಕೋಡ್ ಅದು. ಇಂಟರ್‌ಲಾಕ್ ಎಂದರೆ ಕಾರಿನಲ್ಲಿ ಹೆಚ್ಚು ವೋಲ್ಟೇಜ್ ಒಯ್ಯುವ ಕಿತ್ತಳೆ ಬಣ್ಣದ ಕೇಬಲುಗಳ ಕನೆಕ್ಟರುಗಳನ್ನೆಲ್ಲ ಒಂದಾದ ಮೇಲೊಂದರಂತೆ ಹಾದು ಬರುವ ಕಡಿಮೆ ವೋಲ್ಟೇಜಿನ ಒಂದು ತಂತಿಯ ಸುತ್ತು, ಹೂವುಗಳನ್ನು ಪೋಣಿಸಿದ ದಾರದಂತೆ. ಯಾವುದೇ ಕನೆಕ್ಟರನ್ನು ಯಾರಾದರೂ ಬಿಚ್ಚಿದರೆ ದಾರ ಕಡಿದು, ಅಪಾಯದ ವಿದ್ಯುತ್ತು ಬಯಲಿಗೆ ಬರುವ ಮೊದಲೇ ಕಂಪ್ಯೂಟರಿಗೆ ಸುದ್ದಿ ಮುಟ್ಟುತ್ತದೆ. ಓಡುತ್ತಿರುವ ಕಾರಿನಲ್ಲಿ ಸುತ್ತು ಕಡಿದರೆ ನಡುರಸ್ತೆಯಲ್ಲಿ ಪೂರ್ತಿ ಸ್ಥಗಿತಗೊಳಿಸುವ ಬದಲು ಶಕ್ತಿ ತಗ್ಗಿಸಿ ಎಚ್ಚರಿಸುವುದು, ಒಮ್ಮೆ ಆಫ್ ಆದ ಮೇಲೆ ದೋಷ ಇನ್ನೂ ಇದ್ದರೆ ಮತ್ತೆ ರೆಡಿಯಾಗಲು ಬಿಡದಿರುವುದು ನನ್ನ ಕಾರಿನ ಕ್ರಮ. ನನಗೆ ಆದದ್ದಕ್ಕೂ ಇದಕ್ಕೂ ಅಕ್ಷರಶಃ ಹೊಂದಿಕೆಯಾಗುತ್ತಿತ್ತು.

ನೇರವಾಗಿ ಅದರ ಬೆನ್ನು ಹತ್ತುವ ಮೊದಲು ಅವರು ನಿರೋಧನವನ್ನೂ ಪರೀಕ್ಷಿಸಿದರು, ಮಳೆಯಲ್ಲಿ ಬಂದ ದೋಷವಾದ್ದರಿಂದ ಅದು ಸರಿಯಾದ ನಡೆ. ಎಲೆಕ್ಟ್ರಿಕ್ ವಾಹನಗಳ ಸುರಕ್ಷತೆಗಿರುವ ವಿಶ್ವಸಂಸ್ಥೆಯ ಆರ್100 ನಿಯಮದ ಲೆಕ್ಕದಲ್ಲಿ ಎಸಿ (ಪರ್ಯಾಯ ವಿದ್ಯುತ್) ಮತ್ತು ಡಿಸಿ (ನೇರ ವಿದ್ಯುತ್) ಭಾಗಗಳು ಕೂಡಿರುವ ವ್ಯವಸ್ಥೆಯಲ್ಲಿ ನಿರೋಧನ ಪ್ರತಿ ವೋಲ್ಟಿಗೆ ಕನಿಷ್ಠ 500 ಓಮ್ ಇರಬೇಕು, ಅಂದರೆ 400 ವೋಲ್ಟಿಗೆ ಎರಡು ಲಕ್ಷ ಓಮ್. ನನ್ನ ಕಾರಿನಲ್ಲಿ ಹಲವು ಮೆಗಾಓಮ್, ಅಂದರೆ ಹತ್ತಾರು ಲಕ್ಷ ಓಮ್ ಇತ್ತು. ಸೋರಿಕೆ ಇಲ್ಲ ಎಂದಾಯಿತು. ಆಮೇಲೆ ಕಾರನ್ನು ಹಗ್ಗ ಕಟ್ಟಿದ ಪ್ರತ್ಯೇಕ ಜಾಗಕ್ಕೆ ಒಯ್ದು, ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಡಿಸ್‌ಕನೆಕ್ಟ್ ತೆಗೆದು, ಇನ್ವರ್ಟರಿನ ಕೆಪಾಸಿಟರುಗಳು ಬರಿದಾಗಲು ಗಡಿಯಾರ ನೋಡಿ ಹತ್ತು ನಿಮಿಷ ಕಾದು, 1000 ವೋಲ್ಟ್ ತಡೆಯುವ ರಬ್ಬರ್ ಕೈಗವಸು ತೊಟ್ಟು, ವಿದ್ಯುತ್ತಿಲ್ಲ ಎಂಬುದನ್ನು ಮೀಟರಿನಲ್ಲಿ ಖಚಿತಪಡಿಸಿಕೊಂಡು ಕೆಲಸ ಶುರುಮಾಡಿದರು. ನನ್ನನ್ನು ಹಗ್ಗದ ಈಚೆಗೆ ನಿಲ್ಲಿಸಿದ್ದರು.

ಒಂದೊಂದೇ ಕನೆಕ್ಟರನ್ನು ಮೆಲ್ಲಗೆ ಅಲುಗಿಸುತ್ತಾ ಮೀಟರ್ ನೋಡುತ್ತಾ ಹೋದವರು ಎಸಿ ಕಂಪ್ರೆಸರಿನ ಕನೆಕ್ಟರಿನಲ್ಲಿ ನಿಂತರು. ಟಾರ್ಚ್ ಹಿಡಿದು ಫೋಟೋ ತೆಗೆದು ನನಗೆ ತೋರಿಸಿದರು: ಕಿತ್ತಳೆ ಬಣ್ಣದ ಕನೆಕ್ಟರಿನ ಮೇಲಿನ ಲಾಕ್ ಲಿವರ್ ಪೂರ್ತಿ ಮಲಗಿರಲಿಲ್ಲ, ಹೆಚ್ಚೆಂದರೆ ಎರಡು ಮಿಲಿಮೀಟರ್ ಎದ್ದಿತ್ತು. ಕಣ್ಣಿಗೆ ನೇರವಾಗಿ ಕಾಣುವುದಕ್ಕಿಂತ ಅದರ ಕೆಳಗೆ ಕೂತಿದ್ದ ಧೂಳಿನ ಗೆರೆಯಿಂದ ಗೊತ್ತಾಗುವಂತಿತ್ತು. ಇಂಥ ಕನೆಕ್ಟರುಗಳಲ್ಲಿ ಇಂಟರ್‌ಲಾಕಿನ ಪಿನ್ನುಗಳನ್ನು ಬೇಕೆಂದೇ ಗಿಡ್ಡವಾಗಿ ಮಾಡಿರುತ್ತಾರೆ. ಬಿಚ್ಚುವಾಗ ಅವು ಮೊದಲು ಬಿಡಬೇಕು, ಜೋಡಿಸುವಾಗ ಕೊನೆಗೆ ಕೂಡಬೇಕು. ಹಾಗಾಗಿ ಎರಡು ಮಿಲಿಮೀಟರ್ ಸಡಿಲವಿದ್ದರೂ ದಪ್ಪ ಪಿನ್ನುಗಳು ಭದ್ರವಾಗಿಯೇ ಕೂಡಿದ್ದವು, ಎಸಿ ಒಂದು ದಿನವೂ ಕೈಕೊಟ್ಟಿರಲಿಲ್ಲ. ಗಿಡ್ಡ ಪಿನ್ನುಗಳು ಮಾತ್ರ ತುದಿಯಲ್ಲಿ ತಾಗಿಯೂ ತಾಗದಂತಿದ್ದು, ಗಾಡಿ ಕುಲುಕಿದಾಗ ಬಿಟ್ಟು ಕೂಡುತ್ತಿದ್ದವು. ಕಂಡೆನ್ಸರ್ ಬದಲಾಯಿಸುವಾಗ ಈ ಕನೆಕ್ಟರನ್ನು ಬಿಚ್ಚಿ ಜೋಡಿಸಿದವರು ಲಾಕನ್ನು ಟಕ್ ಎನ್ನುವವರೆಗೆ ಒತ್ತಿರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಯಾರಾದರೂ ನಗಬಹುದು, ಆದರೆ ತಂತಿ ಕಡಿಯುತ್ತಿದ್ದದ್ದು ಆ ಇಲಿಯೇ.

ಸೀಲು ಸರಿಯಾಗಿ ಮುಚ್ಚದ್ದರಿಂದ ತೇವ ಹೊಕ್ಕು ಗಿಡ್ಡ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಉಜ್ಜಿ ಮತ್ತೆ ಹಾಕಿಕೊಡಿ ಎಂದು ನಾನು ಕೇಳಿದ್ದೆ. ಅವರು ಒಪ್ಪದೆ ಕನೆಕ್ಟರ್ ಸಮೇತ ಕೇಬಲನ್ನೇ ತರಿಸಿದರು. ಅದು ಬರಲು ಆರು ದಿನ ಹಿಡಿಯಿತು. ಹಾಕಿದ ಮೇಲೆ ಲ್ಯಾಪ್‌ಟಾಪ್ ಜೋಡಿಸಿಕೊಂಡೇ 40 ಕಿ.ಮೀ. ಓಡಿಸಿ, ಇಂಟರ್‌ಲಾಕಿನ ಸಂಕೇತ ಒಮ್ಮೆಯೂ ತುಂಡಾಗಲಿಲ್ಲ ಎಂಬ ಗೆರೆಚಿತ್ರವನ್ನು ತೋರಿಸಿದರು. ಹಳೆಯ ಕೋಡನ್ನು ಅಳಿಸಿದ್ದು ಅದಾದ ಮೇಲೆ.

ಎರಡನೆಯ ಕೇಂದ್ರವನ್ನು ಹೊಗಳುವುದಷ್ಟೇ ನನ್ನ ಉದ್ದೇಶವಲ್ಲ. ಆ ಆರು ದಿನಗಳಲ್ಲಿ ಅವರಾಗಿಯೇ ಒಂದು ಸಲವೂ ಫೋನ್ ಮಾಡಲಿಲ್ಲ, ನಾನು ಮಾಡಿದಾಗ ಮೂರರಲ್ಲಿ ಎರಡು ಸಲ ಯಾರೂ ಎತ್ತಲಿಲ್ಲ. ಬದಲಿ ಕಾರಿನ ಮಾತೆತ್ತಿದರೆ ಕೈಚೆಲ್ಲಿದರು. ಕೆಲಸ ವಾರಂಟಿಗೆ ಬರುವುದಿಲ್ಲ, ಹಿಂದಿನ ರಿಪೇರಿಯಲ್ಲಾದ ತಪ್ಪು ಎಂದು ಬಿಲ್ ಮಾಡಿದರು. ನ್ಯಾಯವಾಗಿ ಅದು ಸರಿಯೇ ಇರಬಹುದು, ಆದರೆ ಅದನ್ನು ಕೇಬಲ್ ತರಿಸುವ ಮೊದಲು ಹೇಳಬೇಕಿತ್ತು, ಕಾರು ಕೊಡುವ ದಿನವಲ್ಲ. ಕೋಡಿನ ಮುದ್ರಿತ ಪ್ರತಿಯನ್ನು ಕೇಳಿ ಕೇಳಿ ಪಡೆಯಬೇಕಾಯಿತು. ಆ ಪ್ರತಿ, ಲಾಕ್ ಲಿವರಿನ ಫೋಟೋ ಎರಡನ್ನೂ ಮುಂದಿಟ್ಟ ಮೇಲೆ ಬಂಪರ್ ಕೆಲಸ ಮಾಡಿದವರು ವಾದಿಸದೆ ಖರ್ಚು ತುಂಬಿಕೊಟ್ಟರು ಎಂಬುದನ್ನೂ ಇಲ್ಲಿ ಹೇಳಬೇಕು. ಅಳಿಸದೆ ಉಳಿದ ದಾಖಲೆ ಅಷ್ಟರ ಮಟ್ಟಿಗೆ ಕೆಲಸಕ್ಕೆ ಬಂತು. ಪತ್ತೆ ಹಚ್ಚುವ ಕೆಲಸಕ್ಕೆ ಎರಡನೆಯ ಕೇಂದ್ರಕ್ಕೆ ನಾನು ಐದಕ್ಕೆ ಐದು ಕೊಡುತ್ತೇನೆ, ಗ್ರಾಹಕರೊಡನೆ ನಡೆದುಕೊಂಡ ರೀತಿಗೆ ಎರಡು. ಮೊದಲ ಕೇಂದ್ರಕ್ಕೆ ಇದೇ ಅಂಕಗಳನ್ನು ತಿರುವುಮುರುವು ಮಾಡಿಕೊಂಡರೆ ಸಾಕು, ಆದರೆ ಪತ್ತೆಗೆ ಎರಡು ಕೂಡ ಹೆಚ್ಚಾಯಿತು.

ಮತ್ತೆ ಇಂಥ ಎಚ್ಚರಿಕೆ ಬಂದರೆ ನಾನು ಮಾಡುವುದು ಇಷ್ಟೇ. ಆಫ್ ಮಾಡುವ ಮೊದಲು ಪರದೆಯ ಫೋಟೋ; ಅದರ ಹಿಂದಿನ ಅರ್ಧ ನಿಮಿಷದಲ್ಲಿ ಏನಾಯಿತು ಎಂಬುದರ ಎರಡು ಸಾಲಿನ ಟಿಪ್ಪಣಿ; ಮತ್ತು ಕಾರು ಒಳಗೆ ಹೋಗುವ ಮೊದಲು ಜಾಬ್ ಕಾರ್ಡಿನಲ್ಲಿ, ಕೋಡ್ ಹಾಗೂ ಫ್ರೀಜ್ ಫ್ರೇಮ್ ಮುದ್ರಿಸಿಕೊಡದೆ ಅಳಿಸಬಾರದು ಎಂಬ ಒಂದು ವಾಕ್ಯ, ನನ್ನ ಎದುರಿಗೇ ಬರೆಸಿದ್ದು. ಕಿತ್ತಳೆ ಕೇಬಲುಗಳ ಹತ್ತಿರ ಕೈ ಹಾಕುವ ಮಾತಂತೂ ಇಲ್ಲ.

ಕಾರು ಅದರ ನಂತರ 3,000 ಕಿ.ಮೀ. ಓಡಿದೆ, ಆ ಸೇತುವೆಯ ಮೇಲೆಯೇ ಹತ್ತಾರು ಸಲ. ಕಳೆದ ವಾರ ಮೊದಲ ಕೇಂದ್ರದಿಂದ ಫೋನ್ ಬಂದಿತ್ತು. ತಮ್ಮ ಸೇವೆಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದರು. ಮೂರು ಎಂದೆ. ಕಾರಣ ಹೇಳತೊಡಗಿದಾಗ ಆ ಕಡೆಯವರು ವಿನಯದಿಂದಲೇ ತಡೆದು, ತಮ್ಮ ಫಾರಂನಲ್ಲಿ ಕಾರಣ ಬರೆಯಲು ಜಾಗವಿಲ್ಲ ಎಂದರು.